ಇವತ್ತು ಯಾವ ವಾರ?

ಮಾರ್ಚ್ ೯

ಪ್ರೀತಿಯ ಪುಟ್ಟಿಗೆ,

ಇಲ್ಲಿ ಎಲ್ಲರೂ ಸೌಖ್ಯ ಎಂದು ಬರೆಯಲು ಹೊರಟೆ, ನಗು ಬಂತು. ಇಲ್ಲಿ 'ಎಲ್ಲರೂ' ಅಂದರೆ ಈಗ ನಾನೊಬ್ಬಳೇ ತಾನೆ.

ನಿನ್ನನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ಬಂದು ಇವತ್ತಿಗೆ ಒಂಬತ್ತು ದಿನ. ಫೋನಿನ ಪರದೆ ನೋಡಿದರೆ ನಿನಗೆ ತಲೆ ಸಿಡಿಯುತ್ತದೆ, ಕಿವಿಗೆ ಹಿಡಿದರೆ ನನ್ನ ದನಿಯೂ ಚುಚ್ಚುತ್ತದೆ ಎಂದು ಅವಳು ಹೇಳಿದಳು. "ಕಾಗದ ಬರಿ. ನಾನು ಓದಿ ಹೇಳ್ತೀನಿ, ಅವಳು ಕಣ್ಣು ಮುಚ್ಕೊಂಡು ಕೇಳ್ತಾಳೆ" ಅಂದಳು. ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು, ಇನ್ನೇನು ಹೇಳಿಯಾಳು! ನಾನು ಕೊನೆಯ ಸಲ ಕಾಗದ ಬರೆದದ್ದು ನೀನು ಹುಟ್ಟುವ ಮೊದಲು. ಅಕ್ಷರ ಕೋಳಿ ಕೆದರಿದಂತಿದೆ ಎಂದು ದೊಡ್ಡಮ್ಮ ಖಂಡಿತ ಹೇಳುತ್ತಾಳೆ, ನೀನು ಅವಳ ಜೊತೆ ಸೇರಿ ನಗಬೇಡ.

ಅಲ್ಲಿ ಸದ್ದಿಲ್ಲ ಎನ್ನುವುದೊಂದೇ ಸಮಾಧಾನ. ಇಲ್ಲಿ ನಮ್ಮ ಕೆಳಗಿನ ಗ್ರಿಲ್ ಅಂಗಡಿಯವನು ಬೆಳಗ್ಗೆ ಎಂಟಕ್ಕೇ ಕಬ್ಬಿಣ ಕೊಯ್ಯಲು ಶುರು ಮಾಡುತ್ತಾನೆ. ನೀನು ಹೋಗುವ ಹಿಂದಿನ ವಾರ ದಿಂಬನ್ನು ಕಿವಿಗೆ ಒತ್ತಿಕೊಂಡು ಮಲಗಿರುತ್ತಿದ್ದೆಯಲ್ಲ, ಈಗಲೂ ಆ ಸದ್ದು ಶುರುವಾದ ಕೂಡಲೇ ನನ್ನ ಕಾಲು ತಾನೇ ನಿನ್ನ ಕೋಣೆಗೆ ಹೋಗುತ್ತದೆ, ಕೈ ಕಿಟಕಿ ಮುಚ್ಚುತ್ತದೆ. ಒಳಗೆ ಯಾರೂ ಇಲ್ಲ ಎಂಬುದು ಚಿಲಕ ಹಾಕಿದ ಮೇಲೆ ನೆನಪಾಗುತ್ತದೆ.

ಅಂಗಡಿಯಲ್ಲಿ ಕೆಲಸ ಕೈತುಂಬ. ಇಡೀ ದಿನ ಯಂತ್ರದ ಮುಂದೆ ಕೂತು ಊರವರ ಕನ್ನಡಕದ ಗಾಜಿನ ಅಂಚು ಉಜ್ಜುತ್ತೇನೆ. ಇದರ ಜೊತೆ ನಿನಗೂ ಒಂದು ಬೂದು ಗಾಜಿನ ಕನ್ನಡಕ ಕಳಿಸುತ್ತಿದ್ದೇನೆ. ಕಡ್ಡಿಗಳನ್ನು ಬಿಸಿ ಮಾಡಿ ನಿನ್ನ ಕಿವಿಯ ಅಳತೆಗೆ ನಾನೇ ಬಗ್ಗಿಸಿದ್ದು. ಅಳತೆ ಹೇಗೆ ಗೊತ್ತು ಅಂತೀಯಾ? ಹದಿನೇಳು ವರ್ಷದಿಂದ ಹಿಂಡುತ್ತಿರುವ ಕಿವಿ!

ಫುಟ್‌ಬಾಲ್ ಕ್ಲಬ್ಬಿನ ಹುಡುಗಿಯರು ನಿನ್ನ ಅಡ್ಡಹೆಸರು ಹಿಡಿದು ದಿನಾ "ಗೋಡೆ ಯಾವಾಗ ಬರ್ತಾಳೆ ಕೋಚ್?" ಎಂದು ಕೇಳುತ್ತಾರೆ. ಗೋಲಿನ ಮುಂದೆ ಸದ್ಯಕ್ಕೆ ಉದ್ದ ಜಡೆಯವಳನ್ನು ನಿಲ್ಲಿಸಿದ್ದೇನೆ. ಚೆಂಡು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ, ತುಂಬಾ ಮರ್ಯಾದಸ್ಥೆ.

ಅವತ್ತಿನ ಮ್ಯಾಚನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆಟ ಅಂದ ಮೇಲೆ ಪೆಟ್ಟು ಇದ್ದದ್ದೇ. ನಾನು ಕೇಳಿದೆ, ನೀನೂ 'ಸರಿ ಇದ್ದೀನಿ' ಅಂದೆ. ಇಂಥದ್ದೆಲ್ಲ ಯಾರಿಗೆ ತಾನೆ ಮೊದಲೇ ಗೊತ್ತಾಗುತ್ತದೆ?

ಎರಡು ವಾರದಲ್ಲಿ ರಜೆ ಹಾಕಿ ಬರುತ್ತೇನೆ.

ನಿನ್ನ
ಅಮ್ಮ


ಮಾರ್ಚ್ ೨೧

ತಂಗಿಗೆ,

ಕಾಗದ ಬಂತು, ಕನ್ನಡಕವೂ ಬಂತು. ಸ್ಟ್ಯಾಂಪನ್ನು ಇಷ್ಟು ಓರೆಯಾಗಿ ಅಂಟಿಸುವವರು ಇನ್ನೂ ಇದ್ದಾರೆ ಎಂದು ತಿಳಿದು ಬೇಸರವಾಯಿತು.

ನಿನ್ನ ಮಗಳ ವಿಷಯ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಬೆಳಗ್ಗೆ ಎದ್ದಾಗ ಪರವಾಗಿಲ್ಲ. ಹನ್ನೊಂದರ ಹೊತ್ತಿಗೆ ಹಣೆ ಹಿಡಿದುಕೊಂಡು ಕೂರುತ್ತಾಳೆ. ಮೊನ್ನೆ ನನ್ನ ಕೈಯಿಂದ ಒಂದು ತಟ್ಟೆ ಜಾರಿತು. ಆ ಸದ್ದಿಗೆ ಇವಳು ಬಾಗಿಲ ಚೌಕಟ್ಟು ಹಿಡಿದು ನೆಲಕ್ಕೆ ಕುಸಿದಳು. ಬ್ರಷ್ಷನ್ನು ಕೈಯಲ್ಲಿ ಹಿಡಿದುಕೊಂಡೇ "ದೊಡ್ಡಮ್ಮಾ, ನಾನು ಹಲ್ಲುಜ್ಜಿದೆನಾ?" ಎಂದು ಕೇಳುತ್ತಾಳೆ. ಕೇಳಿ, ತಾನು ಕೇಳಿದ್ದು ಗೊತ್ತಾಗಿ, ಹೆದರುತ್ತಾಳೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಇಲ್ಲಿನ ಡಾಕ್ಟರಮ್ಮನಿಗೆ ತೋರಿಸಿದೆ. ಸಮಾಧಾನವಾಗಿ ಮಾತಾಡುವ ಹೆಂಗಸು. "ಇದಕ್ಕೆ ಕನ್ಕಷನ್ ಅಂತಾರೆ. ಸ್ಕ್ಯಾನಲ್ಲಿ ಏನೂ ಕಾಣಲ್ಲ, ಮೂಳೆ ಮುರಿದಿಲ್ಲ. ಹಾಗಂತ ಏನೂ ಆಗಿಲ್ಲ ಅಂತಲ್ಲ. ಮಿದುಳು ಒಳಗೇ ಅಲುಗಿರತ್ತೆ. ಒಂದು ಪೆಟ್ಟು ಮಾಗೋ ಮೊದಲೇ ಇನ್ನೊಂದು ಬಿದ್ದರೆ ತಿಂಗಳುಗಟ್ಟಲೆ ಎಳೆಯತ್ತೆ. ಕೆಲವು ಸಲ ಜೀವಕ್ಕೇ ಅಪಾಯ ಬರತ್ತೆ" ಅಂದರು. ಹಾಗೆಂದು ಕತ್ತಲೆ ಕೋಣೆಯಲ್ಲಿ ಮಲಗಿಸಿಡುವುದೂ ಬೇಡವಂತೆ. ದಿನಾ ಸ್ವಲ್ಪ ನಡೆಯಬೇಕು, ನೋವು ಏರಿದರೆ ನಿಲ್ಲಿಸಬೇಕು. ನಿನ್ನ ಕನ್ನಡಕ ಹೊರಗಿನ ಬಿಸಿಲಿಗೆ ಮಾತ್ರ. ಮನೆಯೊಳಗೂ ಹಾಕಿದರೆ ಕಣ್ಣು ಬೆಳಕಿಗೆ ಇನ್ನಷ್ಟು ಹೆದರುವುದನ್ನು ಕಲಿಯುತ್ತದಂತೆ.

ಮೊದಲಿನ ಪೆಟ್ಟು ಯಾವಾಗ ಬಿತ್ತು ಎಂದು ಡಾಕ್ಟರಮ್ಮ ಕೇಳಿದರು. ಇವಳು "ಬುಧವಾರ ಅಂತ ಕಾಣತ್ತೆ" ಅಂದಳು. ನೀನು ನನಗೆ ಹೇಳಿದ್ದು ಭಾನುವಾರದ್ದು ಮಾತ್ರ.

ನಿನ್ನ ಕಾಗದವನ್ನು ಎರಡು ಕಂತಿನಲ್ಲಿ ಓದಿ ಹೇಳಿದೆ. ಕಿವಿ ಹಿಂಡುವ ಮಾತಿಗೆ ನಕ್ಕಳು. 'ನೀನೂ ಸರಿ ಇದ್ದೀನಿ ಅಂದೆ' ಎಂಬಲ್ಲಿಗೆ ಬಂದಾಗ ಗೋಡೆ ಕಡೆಗೆ ಹೊರಳಿಕೊಂಡಳು. ಅಮ್ಮನಿಗೆ ಏನಾದರೂ ಬರೆಯಬೇಕಾ ಎಂದು ಕೇಳಿದೆ. ಮುಖ ತಿರುಗಿಸದೆಯೇ ಒಂದು ಮಾತು ಹೇಳಿದಳು. ಅದನ್ನು ಹಾಗೆಯೇ ಇಳಿಸುತ್ತಿದ್ದೇನೆ, ನನ್ನ ಮೇಲೆ ಸಿಟ್ಟಾಗಬೇಡ.

"ಅಮ್ಮ ಈಗ ಬರೋದು ಬೇಡ. ನಾನೇ ಕರೀತೀನಿ."

ಅಕ್ಕ


ಏಪ್ರಿಲ್ ೪

ಪುಟ್ಟಿ,

ಸರಿ, ಬರುವುದಿಲ್ಲ. ನೀನು ಕರೆದಾಗಲೇ ಬರುತ್ತೇನೆ. ಹಾಕಿದ್ದ ರಜೆಯನ್ನು ವಾಪಸ್ ತೆಗೆದುಕೊಂಡೆ.

ನಿನ್ನ ಗ್ಲೌಸ್ ಒಗೆದು ಮಹಡಿಯ ಹಗ್ಗಕ್ಕೆ ಹಾಕಿದ್ದೆ. ಗಾಳಿಗೆ ಹತ್ತೂ ಬೆರಳು ಅಲ್ಲಾಡುತ್ತಿದ್ದವು. ಬಾ ಎನ್ನುತ್ತಿವೆಯೋ, ಹೋಗು ಎನ್ನುತ್ತಿವೆಯೋ ತಿಳಿಯದೆ ನೋಡುತ್ತಾ ನಿಂತಿದ್ದೆ. ಪಕ್ಕದ ಮನೆಯಾಕೆ "ಏನ್ರೀ, ಬಟ್ಟೆ ಕಾಯ್ತಾ ನಿಂತಿದೀರಾ? ಯಾರೂ ಕದಿಯಲ್ಲ ಬಿಡಿ" ಎಂದು ನಕ್ಕಳು.

ಒಬ್ಬಳಿಗೇ ಅಡುಗೆ ಮಾಡುವ ಅಂದಾಜು ಇನ್ನೂ ಸಿಕ್ಕಿಲ್ಲ. ದಿನವೂ ಮಿಗುತ್ತದೆ.

ಕ್ಲಬ್ಬಿನ ಅಧ್ಯಕ್ಷರು ಮೊನ್ನೆ ತಮ್ಮ ಪೈಪಿನ ಅಂಗಡಿಯಿಂದಲೇ ಕೂಗಿ ಕೇಳಿದರು, "ಕೋಚ್ ಮೇಡಂ, ಜುಲೈ ಕಪ್ಪಿಗೆ ನಮ್ಮ ಗೋಡೆ ಎದ್ದು ನಿಲ್ತಾಳಲ್ವಾ?" ನಿಲ್ತಾಳೆ ಅಂದೆ. ಇನ್ನೇನು ಹೇಳಲಿ?

ಬುಧವಾರದ ವಿಷಯ ದೊಡ್ಡಮ್ಮ ಬರೆದಿದ್ದಳು. ಪ್ರಾಕ್ಟೀಸಿನಲ್ಲಿ ನಿನ್ನ ತಲೆ ಕಂಬಕ್ಕೆ ತಗುಲಿತ್ತು, ಅಷ್ಟೆ. ದೊಡ್ಡದೇನಲ್ಲ ಅಂದುಕೊಂಡಿದ್ದೆ. ಅದನ್ನೆಲ್ಲ ಬರೆಯುತ್ತಾ ಕೂತರೆ ಅಂಗಡಿಗೆ ಹೊತ್ತಾಗುತ್ತದೆ.

ಸರಿಯಾಗಿ ಊಟ ಮಾಡು.

ಅಮ್ಮ


ಏಪ್ರಿಲ್ ೨೯ರಿಂದ ಮೇ ೩

ಅಮ್ಮಾ,

ಇದು ನನ್ನ ಕೈಬರಹವೇ. ದಿನಕ್ಕೆ ಐದಾರು ಸಾಲು ಬರೆಯಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ದೊಡ್ಡಮ್ಮ ಗಡಿಯಾರ ಹಿಡಿದು ಎದುರಿಗೆ ಕೂತಿದ್ದಾಳೆ, ಪರೀಕ್ಷೆಯ ಹಾಲಿನ ಮೇಡಮ್ಮಿನಂತೆ. ಮಾತು ತುಂಡುತುಂಡಾಗಿದ್ದರೆ ಬೇರೆ ಬೇರೆ ದಿನ ಬರೆದದ್ದು ಎಂದು ತಿಳಿದುಕೋ.

ಈಗ ದಿನಾ ಗೇಟಿನಿಂದ ಬೀದಿಯ ತುದಿಯ ಹಾಲಿನ ಅಂಗಡಿವರೆಗೆ ನಡೆಯುತ್ತೇನೆ. ಮೊದಲ ವಾರ ಅರ್ಧ ದಾರಿಗೇ ವಾಪಸ್ ಬರುತ್ತಿದ್ದೆ. ತೊಂಬತ್ತು ನಿಮಿಷ ಕುಣಿಯುತ್ತಿದ್ದವಳಿಗೆ ಒಂದು ಪೊಟ್ಟಣ ಹಾಲು ತರುವುದೇ ಕಪ್ ಗೆದ್ದ ಹಾಗಾಗಿದೆ.

ನಮ್ಮ ಟೀಮಿನ ಗುಬ್ಬಿ ನನಗೊಂದು ಕಾಗದ ಬರೆದಿದ್ದಾಳೆ. ಅವಳ ಕಾಲೇ ಸುಮ್ಮನಿರುವುದಿಲ್ಲ, ಕೂತು ಎರಡು ಪುಟ ಬರೆದಿದ್ದಾಳೆ ಅಂದರೆ ನಂಬಬೇಕು. ಅದರಲ್ಲಿ ಹೀಗಿದೆ: "ಆ ಬುಧವಾರ ಕಂಬಕ್ಕೆ ತಲೆ ಬಡಿದ ಮೇಲೆ ನೀನು ನನ್ನ ಹತ್ರ ಮೂರು ಸಲ 'ಇವತ್ತು ಯಾವ ವಾರ?' ಅಂತ ಕೇಳಿದೆ ಕಣೇ. ನಾವೆಲ್ಲ ತಮಾಷೆ ಅಂದ್ಕೊಂಡು ನಕ್ಕೆವು. ಈಗ ಅದು ನೆನಪಾದರೆ ಊಟ ಸೇರಲ್ಲ."

ನನಗೆ ಅದು ನೆನಪಿಲ್ಲ. ಗುರುವಾರ, ಶುಕ್ರವಾರ ಮಂಜುಮಂಜು. ಭಾನುವಾರದ ಮ್ಯಾಚ್ ಇಲ್ಲವೇ ಇಲ್ಲ. ಬೆಳಗ್ಗೆ ಶೂ ಕಟ್ಟಿಕೊಂಡದ್ದು ಇದೆ, ಆಮೇಲೆ ಆಸ್ಪತ್ರೆಯ ಟ್ಯೂಬ್‌ಲೈಟು.

ನನ್ನ ಬದುಕಿನ ಅಷ್ಟು ದಿನ ನನ್ನ ಹತ್ತಿರ ಇಲ್ಲ ಅಮ್ಮಾ. ನಿನ್ನ ಹತ್ತಿರ ಇವೆ.

ಅದಕ್ಕೇ ಕೇಳುತ್ತಿದ್ದೇನೆ. ನಾನು ಮೂರು ಸಲ ಯಾವ ವಾರ ಎಂದು ಕೇಳಿದಾಗ ನೀನು ಅಲ್ಲಿದ್ದೆಯಾ? ನಿನಗೆ ಕೇಳಿಸಿತಾ?

ನಿನ್ನ ಮಗಳು


ಮೇ ೩೦

ತಂಗಿ,

ಪೋಸ್ಟ್‌ಮ್ಯಾನಿನ ಸೈಕಲ್ ತಿರುವಿನಲ್ಲಿ ಕಂಡರೆ ಸಾಕು, ಇವಳು ಗೇಟಿಗೆ ಹೋಗಿ ನಿಲ್ಲುತ್ತಾಳೆ. ಆತ ಈಗೀಗ ನಮ್ಮ ಮನೆ ಬಂದರೆ ತಲೆ ತಗ್ಗಿಸಿಕೊಂಡು ಮುಂದೆ ಹೋಗುತ್ತಾನೆ, ತಪ್ಪು ತನ್ನದೇ ಎಂಬಂತೆ.

ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ. ಬರೆಯಬೇಕಾದವಳು ನೀನು.

ಅಕ್ಕ


ಜೂನ್ ೬

ಪುಟ್ಟಾ,

ಕೇಳಿಸಿತು.

ಈ ಒಂದು ಪದ ಬರೆಯಲು ನನಗೆ ತಿಂಗಳು ಬೇಕಾಯಿತು. ನಾಲ್ಕು ಕಾಗದ ಬರೆದು ಹರಿದೆ. ಓದಿ ನೋಡಿದರೆ ಪ್ರತಿಯೊಂದರಲ್ಲೂ ಅಲ್ಲಲ್ಲಿ ಒಂದು 'ಆದರೆ' ನುಸುಳಿಕೊಂಡಿತ್ತು. ಇದರಲ್ಲಿ ಆ ಪದ ಬರದ ಹಾಗೆ ನೋಡಿಕೊಳ್ಳುತ್ತೇನೆ.

ಬುಧವಾರ ಸಂಜೆ ಐದೂವರೆ. ನೀನು ಬಲಕ್ಕೆ ಹಾರಿದೆ. ಚೆಂಡು ಸಿಕ್ಕಿತು, ಜೊತೆಗೇ ತಲೆ ಕಂಬಕ್ಕೆ ಬಡಿಯಿತು. ಖಾಲಿ ಡಬ್ಬಿ ಬಿದ್ದಂಥ ಸದ್ದು. ನೀನು ಎದ್ದು, ಚೆಂಡನ್ನು ನಮ್ಮವರ ಕಡೆಗೆ ಎಸೆಯುವ ಬದಲು ತಿರುಗಿ ನಮ್ಮ ಗೋಲಿನೊಳಕ್ಕೇ ಎಸೆದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನೀನು ನಲ್ಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ. "ಬಿಸಿಲು, ಹೊಟ್ಟೇಲಿ ಏನೂ ಇಲ್ಲ" ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ನೀನು ಗುಬ್ಬಿಯ ಹತ್ತಿರ ಯಾವ ವಾರ ಎಂದು ಕೇಳುವಾಗ ನಾನು ಹತ್ತು ಹೆಜ್ಜೆ ದೂರದಲ್ಲಿ ಚೆಂಡುಗಳನ್ನು ಬಲೆಚೀಲಕ್ಕೆ ತುಂಬುತ್ತಿದ್ದೆ. ಮೊದಲ ಸಲ ಕೇಳಿದಾಗ ತಲೆ ಎತ್ತಿ ನೋಡಿದೆ. ಮೂರನೆಯ ಸಲಕ್ಕೆ ತಲೆ ತಗ್ಗಿಸಿ ಚೀಲದ ಹಗ್ಗ ಬಿಗಿದೆ.

ಮನೆಗೆ ಬಂದ ಮೇಲೆ ನೀನು ಅಂಗಿಯನ್ನು ಒಳಗು ಹೊರಗು ಮಾಡಿ ತೊಟ್ಟುಕೊಂಡು ಬಂದು ನನ್ನನ್ನೂ ಅದನ್ನೇ ಕೇಳಿದೆ. "ಬುಧವಾರ ಕಣೇ" ಎಂದು ಗದರಿದೆ. ಗುರುವಾರ ಶಾಲೆಯಿಂದ ಬಂದು, ಬೋರ್ಡಿನ ಮೇಲಿನ ಅಕ್ಷರ ಈಜಾಡುತ್ತಿದ್ದವು ಎಂದು ನೀನು ಹೇಳಿದೆ. ಕಣ್ಣಿನ ಪವರ್ ಬದಲಾಗಿರಬೇಕು, ಭಾನುವಾರ ಕಳೆಯಲಿ, ನೋಡೋಣ ಅಂದೆ. ನನ್ನ ಬಾಯಿಂದ ಬಂದ ಮಾತನ್ನು ನಾನೇ ನಂಬಲಿಲ್ಲ.

ನನಗೆ ತಿಳಿದಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ಹೋದ ವರ್ಷ ಕೋಚುಗಳಿಗೆಲ್ಲ ಒಂದು ದಿನದ ತರಬೇತಿ ಇತ್ತಲ್ಲ, ಅಲ್ಲಿ ಕೊಟ್ಟ ಹಾಳೆಯನ್ನು ಕ್ಲಬ್ಬಿನ ಕೋಣೆಯ ಬಾಗಿಲ ಹಿಂದೆ ಅಂಟಿಸಿದವಳೇ ನಾನು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ವಾಂತಿ, ಕಣ್ಣು ಮಂಜಾಗುವುದು, ಮಾತಿಗೆ ತಡವಾಗಿ ಉತ್ತರ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಅನುಮಾನ ಬಂದರೆ ಸಾಕು, ಹೊರಗೆ ಕೂರಿಸಿ. ಆ ದಿನ ವಾಪಸ್ ಆಟಕ್ಕಿಲ್ಲ. ಡಾಕ್ಟರು ಒಪ್ಪುವ ತನಕ ಮ್ಯಾಚಿಲ್ಲ. ಶುಕ್ರವಾರ ಅಂಗಡಿಗೆ ಹೋಗುವಾಗ ಕ್ಲಬ್ಬಿನ ಬೀಗ ತೆಗೆದು ಆ ಹಾಳೆಯ ಮುಂದೆ ನಿಂತು ಮೇಲಿಂದ ಕೆಳಗಿನವರೆಗೆ ಓದಿದೆ. ಓದಿ, ಬೀಗ ಹಾಕಿಕೊಂಡು ಹೋದೆ.

ಯಾಕೆ ಅಂತ ನಿನಗೆ ಅನ್ನಿಸುತ್ತದೆ. ಉದ್ದ ಜಡೆಯವಳಿಗೆ ಜ್ವರ, ಬೇರೆ ಕೀಪರ್ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ನಮ್ಮ ಕ್ಲಬ್ ಕೊನೆಯ ಮ್ಯಾಚಿನವರೆಗೆ ಬಂದದ್ದು ಅದೇ ಮೊದಲು. ಇವು ಮೇಲಿನ ಕಾರಣ. ಒಳಗೆ ಇನ್ನೊಂದಿತ್ತು. ನಾನು ಆಡುತ್ತಿದ್ದ ಕಾಲದಲ್ಲಿ ತಲೆಗೆ ಏಟು ಬಿದ್ದರೆ ಒದ್ದೆ ಬಟ್ಟೆ ಕಟ್ಟಿ ಮತ್ತೆ ಇಳಿಸುತ್ತಿದ್ದರು. ಹಾಗೆ ಆಡಿದ್ದಕ್ಕೆ ನನಗೆ ಇಡೀ ಮೈದಾನ ಚಪ್ಪಾಳೆ ತಟ್ಟಿತ್ತು. ಅಂಥದ್ದು ನಿನಗೂ ಸಿಗಲಿ ಅನ್ನಿಸಿತು. ಇಷ್ಟೇ ಪುಟ್ಟಾ.

ಭಾನುವಾರ. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಎದುರಿನವರ ಹುಡುಗಿಯ ಮಂಡಿ ನಿನ್ನ ಕಿವಿಯ ಮೇಲ್ಗಡೆ ಬಡಿಯಿತು. ನಾನು ಓಡಿ ಬಂದೆ. ನೀನು ನೆಲದ ಮೇಲೆ ಕೂತಿದ್ದೆ. ನನ್ನ ಮುಖ ನೋಡಿ "ಅಮ್ಮಾ" ಅಂದೆ. ಮೈದಾನದೊಳಗೆ ನೀನು ಒಂದು ದಿನವೂ ನನ್ನನ್ನು ಹಾಗೆ ಕರೆದವಳಲ್ಲ. ಎಂಟು ವರ್ಷದವಳಿದ್ದಾಗ ಮಂಡಿ ತರಚಿ ರಕ್ತ ಸುರಿಯುವಾಗಲೂ "ಕೋಚ್, ಕೋಚ್" ಎಂದು ಅತ್ತವಳು. ಆ ಒಂದು ಕೂಗು ಸಾಕಿತ್ತು ನಿನ್ನನ್ನು ಎತ್ತಿಕೊಂಡು ಹೊರಗೆ ಬರಲು. ನಾನು ಏನು ಹೇಳಿದೆ ಗೊತ್ತೇ?

"ಇಲ್ಲಿ ಕೋಚ್ ಅನ್ನು. ಎದ್ದು ನಿಲ್ಲು."

ನೀನು ನಿಂತೆ. ಸರಿ ಇದ್ದೀಯಾ ಎಂದು ಮೂರು ಸಲ ಕೇಳಿದೆ. ಎರಡು ಸಲ ನೀನು ಬಾಯಿ ಬಿಡಲಿಲ್ಲ. ಮೂರನೆಯ ಸಲ ನಾನು ಕೇಳಿದ ದನಿ ಹೇಗಿತ್ತೆಂದರೆ ಅದಕ್ಕೆ ಒಂದೇ ಉತ್ತರವಿತ್ತು. ಅದನ್ನೇ ನೀನು ಹೇಳಿದೆ. ಅದನ್ನು ಹಿಡಿದುಕೊಂಡು ಊರಿಗೆಲ್ಲ ಹೇಳಿಕೊಂಡು ಬಂದೆ, ನಿನಗೂ ಬರೆದೆ. ಇಪ್ಪತ್ತು ನಿಮಿಷದ ಮೇಲೆ ಯಾರೂ ಮುಟ್ಟದೆಯೇ ನೀನು ಗೋಲಿನ ಗೆರೆಯ ಮೇಲೆ ಮಡಚಿಕೊಂಡು ಬಿದ್ದೆ.

ನಿನ್ನ ದಿನಗಳು ನನ್ನ ಹತ್ತಿರ ಇವೆ ಎಂದು ನೀನು ಬರೆದಿದ್ದೆ. ಇದ್ದಷ್ಟನ್ನೂ ಕೊಟ್ಟಿದ್ದೇನೆ.

ಅಮ್ಮ


ಜೂನ್ ೨೪

ಅಮ್ಮಾ,

ನಿನ್ನ ಕಾಗದವನ್ನು ನಾಲ್ಕು ಸಲ ಕೂತು ಓದಿ ಮುಗಿಸಿದೆ. ದೊಡ್ಡಮ್ಮನಿಗೆ ಕೊಡಲಿಲ್ಲ. ಅವಳೂ ಕೇಳಲಿಲ್ಲ. ಅವಳು ಕೇಳದೇ ಇರುವುದು ಇದೇ ಮೊದಲು.

ನನಗೆ ಸಿಟ್ಟು ಬಂದಿದೆ. ಪರೀಕ್ಷೆ ಹೋಯಿತು. ನನ್ನ ಜೊತೆಯವರೆಲ್ಲ ಮುಂದಿನ ತರಗತಿಗೆ ಹೋದರು. ಕಥೆ ಪುಸ್ತಕ ಹಿಡಿದರೆ ಎರಡನೇ ಪುಟಕ್ಕೆ ಹಣೆಯೊಳಗೆ ಯಾರೋ ಬಾಗಿಲು ತಟ್ಟುತ್ತಾರೆ. ಯಾರಾದರೂ ಜೋರಾಗಿ ನಕ್ಕರೆ ನಾನು ಎದ್ದು ಬೇರೆ ಕೋಣೆಗೆ ಹೋಗಬೇಕು. ನಗುವವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹುಡುಗಿ ಆಗಿದ್ದೇನೆ, ನಾನು!

ಆದರೂ ಒಂದು ಮಾತು ಹೇಳಬೇಕು. ಇಷ್ಟು ದಿನ ನಾನೇ ಸುಳ್ಳು ಹೇಳಿ ಆಡಿದೆನೇನೋ, ಇದೆಲ್ಲ ನಾನೇ ಕೈಯಾರೆ ಮಾಡಿಕೊಂಡದ್ದೇನೋ ಎಂದು ಒಳಗೊಳಗೇ ಕೊರಗುತ್ತಿದ್ದೆ. ನೆನಪೇ ಇಲ್ಲದವಳು ಯಾರ ಹತ್ತಿರ ಕೇಳಲಿ? ಆ ಭಾರ ಇಳಿಯಿತು. ಕಾಗದ ಓದಿ ಅವತ್ತು ಮಧ್ಯಾಹ್ನ ಮೂರು ಗಂಟೆ ನಿದ್ದೆ ಮಾಡಿದೆ.

ಕ್ಷಮಿಸು ಎಂದು ನೀನು ಎಲ್ಲೂ ಬರೆದಿಲ್ಲ. ಒಳ್ಳೆಯದಾಯಿತು. ಬರೆದಿದ್ದರೆ ನಾನು ಉತ್ತರ ಕೊಡಬೇಕಿತ್ತು.

ಬಾಗಿಲ ಹಿಂದೆ ಅಂಟಿಸಿದ ಹಾಳೆ, ಬಾಗಿಲು ತೆಗೆದಿದ್ದರೆ ಯಾರಿಗೆ ಕಾಣುತ್ತದೆ ಅಮ್ಮಾ? ನಮ್ಮ ಕೋಣೆಯ ಬಾಗಿಲು ಯಾವಾಗಲೂ ತೆಗೆದೇ ಇರುತ್ತಿತ್ತು. ಅದನ್ನು ಗುಬ್ಬಿಗೆ ಓದಿ ಹೇಳು. ಅವಳ ಅಪ್ಪನಿಗೆ ಹೇಳು, ಅಧ್ಯಕ್ಷರಿಗೆ ಹೇಳು. ನನಗೆ ಬರೆದದ್ದನ್ನು ಅವರಿಗೂ ಹೇಳಲು ನಿನಗೆ ಆಗುತ್ತದಾ?

ನಿನ್ನ ಮಗಳು
(ಇನ್ನೂ ಕರೆದಿಲ್ಲ)


ಜುಲೈ ೨೨

ಪುಟ್ಟಾ,

ಹಾಳೆಯನ್ನು ಕಿತ್ತು ನಲ್ಲಿಯ ಮೇಲಿನ ಗೋಡೆಗೆ ಹಚ್ಚಿದ್ದೇನೆ. ನೀರು ಕುಡಿಯಲು ಬಗ್ಗಿ ಎದ್ದವರ ಮೂಗಿನ ಮುಂದೆಯೇ ಇರುತ್ತದೆ.

ಒಂದು ಶನಿವಾರ ಎಲ್ಲ ಹುಡುಗಿಯರ ತಂದೆ ತಾಯಿಯನ್ನು ಕರೆಸಿ ಅದನ್ನು ಓದಿದೆ. ಆಮೇಲೆ ನಾನು ಮಾಡಿದ್ದನ್ನು ಹೇಳಿದೆ, ಬುಧವಾರದಿಂದ ಹಿಡಿದು. ಅಧ್ಯಕ್ಷರು ಎರಡು ಸಲ ಕೆಮ್ಮಿದರು, ನಾನು ನಿಲ್ಲಿಸಲಿಲ್ಲ. ಗುಬ್ಬಿಯ ಅಪ್ಪ ಎದ್ದು ನಿಂತ. ಗೊತ್ತಲ್ಲ, ಬಸ್ ಡ್ರೈವರ್, ಒರಟು ಮಾತು. "ಮೇಡಂ, ಹೆತ್ತ ಮಗಳಿಗೇ ಹಿಂಗೆ ಮಾಡಿದೋರು ನಮ್ಮ ಮಕ್ಕಳನ್ನ ಹೆಂಗೆ ನೋಡ್ಕೋತೀರಾ?"

"ಗೊತ್ತಿಲ್ಲ. ಅದಕ್ಕೇ ನನ್ನೊಬ್ಬಳ ಕೈಲಿ ಬಿಡಬೇಡಿ" ಅಂದೆ.

ಆವತ್ತಿನಿಂದ ಒಂದು ಕಟ್ಟುಪಾಡು. ಪ್ರತಿ ಮ್ಯಾಚಿಗೂ ಹೆತ್ತವರಲ್ಲಿ ಒಬ್ಬರು ಗೆರೆಯ ಹತ್ತಿರ ನಿಲ್ಲಬೇಕು. ತಲೆಗೆ ಪೆಟ್ಟು ಬಿದ್ದ ಅನುಮಾನ ಅವರಿಗೆ ಬಂದರೂ ಸಾಕು, ನನಗೆ ಬಂದರೂ ಸಾಕು, ಹುಡುಗಿ ಹೊರಗೆ. ಗೆಲ್ಲುತ್ತಿದ್ದರೂ ಸರಿ, ಸೋಲುತ್ತಿದ್ದರೂ ಸರಿ. ಒಬ್ಬ ತಾಯಿ "ಇಷ್ಟು ಹೆದರ್ಕೊಂಡು ಆಡೋದಾದರೆ ಮನೇಲೇ ಇರಲಿ" ಎಂದು ಮಗಳನ್ನು ಬಿಡಿಸಿಕೊಂಡು ಹೋದಳು.

ಕಪ್ಪಿನ ಸೆಮಿಫೈನಲ್ ಹದಿನಾಲ್ಕನೇ ತಾರೀಕು ಇತ್ತು. ಒಂದು ಒಂದು ಸಮ. ಹತ್ತು ನಿಮಿಷ ಬಾಕಿ. ಬದಲಿ ಆಟಗಾರರೆಲ್ಲ ಮುಗಿದಿದ್ದರು. ಗುಬ್ಬಿ ಚೆಂಡಿಗೆ ಹಾರಿದಳು, ಎದುರಿನವಳೂ ಹಾರಿದಳು, ಎರಡು ತಲೆ ಟಣ್ ಎಂದವು. ಗುಬ್ಬಿ ಬಿದ್ದಷ್ಟೇ ಬೇಗ ಎದ್ದು ಹಲ್ಲು ಕಿರಿದಳು. ನಾನೂ ಅವಳ ಅಪ್ಪನೂ ಒಟ್ಟಿಗೇ ಒಳಗೆ ಓಡಿದೆವು.

"ಇದು ಯಾವ ಮೈದಾನ?"

"ಕಾಲೇಜು ಮೈದಾನ ಕೋಚ್. ನಂಗೇನಾಗಿಲ್ಲ."

"ಈಗ ಮೊದಲನೇ ಅರ್ಧನಾ, ಎರಡನೇದಾ?"

"ಎರಡನೇದು."

"ನಮ್ಮ ಗೋಲು ಯಾರು ಹೊಡೆದಿದ್ದು?"

ಅವಳು ನಗುತ್ತಲೇ ಇದ್ದಳು. ನಗುತ್ತಾ ಅತ್ತಿತ್ತ ಗೆಳತಿಯರ ಮುಖ ನೋಡಿದಳು, ಯಾರಾದರೂ ಪಿಸುಗುಟ್ಟಿಯಾರು ಎಂದು. ಹೊಡೆದವಳು ಅವಳೇ ಪುಟ್ಟಾ. ಕಾಲು ಗಂಟೆಯ ಹಿಂದೆ.

ನಾನು ಅವಳ ಭುಜ ಹಿಡಿದೆ. ಅಧ್ಯಕ್ಷರು ಗೆರೆಯ ಆಚೆಯಿಂದ ಗಂಟಲು ಹರಿಯುವ ಹಾಗೆ ಕೂಗಿದರು, "ರೀ ಮೇಡಂ, ಹುಡುಗಿ ನಗ್ತಾ ನಿಂತಿದಾಳೆ! ಹತ್ತು ನಿಮಿಷ ಆಡಿದ್ರೆ ತಲೆ ಹೋಗತ್ತಾ?"

"ಹೋಗಬಹುದು ಅಧ್ಯಕ್ಷರೇ" ಅಂದೆ.

ಹತ್ತೇ ಜನ ಆಡಿ ಎರಡು ಒಂದರಲ್ಲಿ ಸೋತೆವು. ಗುಬ್ಬಿ ನೀರಿನ ಬಾಟಲಿ ಒದ್ದು "ನಿಮ್ಮ ಮಗಳಿಗೆ ಮಾಡಿದ್ದಕ್ಕೆ ನನ್ನ ಮ್ಯಾಚ್ ಕಿತ್ಕೊಂಡ್ರಿ" ಅಂದಳು. ಬಾಟಲಿ ಎತ್ತಿಟ್ಟೆ. ಅವಳನ್ನು ಒಬ್ಬಳನ್ನೇ ಬಿಡಬೇಡಿ, ತಲೆನೋವು ಏರುತ್ತಾ ಹೋದರೆ, ವಾಂತಿ ನಿಲ್ಲದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಿ ಎಂದು ಅವಳ ಅಪ್ಪನಿಗೆ ಹೇಳಿದೆ. ಆತ ಮೈದಾನದಿಂದ ನೇರ ಆಸ್ಪತ್ರೆಗೇ ಕರೆದುಕೊಂಡು ಹೋದ. ದಾರಿಯಲ್ಲೇ ಅವಳಿಗೆ ತಲೆನೋವು ಶುರುವಾಯಿತಂತೆ. ಕನ್ಕಷನ್ನೇ. ಎರಡು ದಿನ ವಿಶ್ರಾಂತಿ ಮಾಡಿಸಿ, ಆಮೇಲೆ ಒಂದೊಂದೇ ಮೆಟ್ಟಿಲು. ಮೊದಲು ನಡಿಗೆ, ಶಾಲೆ, ಆಮೇಲೆ ಓಟ, ಆಮೇಲೆ ಯಾರೂ ಮೈಗೆ ತಾಗದಂತೆ ಚೆಂಡು. ಯಾವ ಮೆಟ್ಟಿಲಲ್ಲಿ ತಲೆನೋವು ಬಂದರೂ ಒಂದು ಮೆಟ್ಟಿಲು ಕೆಳಗೆ. ಮೂರು ವಾರಕ್ಕೆ ಮೊದಲು ಮ್ಯಾಚಿನ ಮಾತೇ ಇಲ್ಲ, ಅದೂ ಡಾಕ್ಟರು ಒಪ್ಪಿದರೆ.

ನಿನ್ನೆ ಗುಬ್ಬಿ ಅಂಗಡಿಗೆ ಬಂದಿದ್ದಳು, ತಾಯಿಯ ಕನ್ನಡಕದ ಸಡಿಲ ಸ್ಕ್ರೂ ನೆಪ. ಸ್ಕ್ರೂ ಬಿಗಿದು ಕೊಟ್ಟೆ. ಹೋಗಲಿಲ್ಲ. ಕೌಂಟರಿನ ಗಾಜನ್ನು ಬೆರಳಿನಿಂದ ಉಜ್ಜುತ್ತಾ "ಕೋಚ್, ಆ ಗೋಲು ನಿಜವಾಗ್ಲೂ ನಾನೇ ಹೊಡೆದಿದ್ದಾ? ಹೇಗಿತ್ತು?" ಎಂದು ಕೇಳಿದಳು. ಗಿರಾಕಿಗಳನ್ನು ಕಾಯಿಸಿ, ಎಡಗಡೆಯಿಂದ ಅವಳು ಓಡಿ ಬಂದ ಮೊದಲ ಹೆಜ್ಜೆಯಿಂದ ಎಲ್ಲವನ್ನೂ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು.

ಸಮಿತಿಯವರು ನನ್ನನ್ನು ಕೋಚ್ ಕೆಲಸದಿಂದ ಇಳಿಸಿದ್ದಾರೆ. ಸೀಟಿ ಈಗ ಬೇರೆಯವರ ಕೊರಳಲ್ಲಿ. ಗೆರೆಯ ಹತ್ತಿರ ನಾನೂ ಇರಬೇಕೆಂದು ಗುಬ್ಬಿಯ ಅಪ್ಪ ಹಟ ಹಿಡಿದಿದ್ದಾನೆ, ಏನಾಗುತ್ತದೋ ನೋಡಬೇಕು. ಬೇಸರವಿಲ್ಲ ಎಂದರೆ ಸುಳ್ಳು. ಬುಧವಾರ ಸಂಜೆ ಕಾಲು ತಾನೇ ಮೈದಾನದ ಕಡೆ ಎಳೆಯುತ್ತದೆ. ಹೊರಗಿನ ಕಟ್ಟೆಯ ಮೇಲೆ ಕೂತು ಬರುತ್ತೇನೆ. ಅಲ್ಲಿ ಯೋಚನೆ ಮಾಡುವುದು ಆಟದ್ದಲ್ಲ. ನಿನ್ನ ಕೂದಲು ಎಷ್ಟು ಬೆಳೆದಿರಬಹುದು, ಎತ್ತರ ಒಂದು ಬೆರಳಾದರೂ ಹೆಚ್ಚಿರಬಹುದೇ, ಇಂಥವೇ. ಐದು ತಿಂಗಳಲ್ಲಿ ಮಗಳ ಮುಖದ ಯಾವುದೋ ಒಂದು ಮೂಲೆ ಮರೆತುಹೋದೀತೇ ಎಂದು ಒಮ್ಮೊಮ್ಮೆ ಭಯವಾಗುತ್ತದೆ.

ಅಮ್ಮ


ಆಗಸ್ಟ್ ೧೪

ಅಮ್ಮಾ,

ಇದನ್ನು ಒಂದೇ ಸಲ ಕೂತು ಬರೆಯುತ್ತಿದ್ದೇನೆ. ದೊಡ್ಡಮ್ಮ ಗಡಿಯಾರ ಒಳಗಿಟ್ಟು ತರಕಾರಿ ಹೆಚ್ಚುತ್ತಿದ್ದಾಳೆ.

ಈ ತಿಂಗಳಿಂದ ಇಲ್ಲಿನ ಶಾಲೆಗೆ ಅರ್ಧ ದಿನ ಹೋಗುತ್ತಿದ್ದೇನೆ. ಕಿಟಕಿಯ ಪಕ್ಕ ಕೂರಿಸಬೇಡಿ, ಗಂಟೆ ಹೊಡೆಯುವ ಮೊದಲೇ ಹೊರಗೆ ಬಿಡಿ ಎಂದು ಡಾಕ್ಟರಮ್ಮ ಚೀಟಿ ಕೊಟ್ಟಿದ್ದಾರೆ. ಒಂದು ಗಂಟೆ ಓದಬಲ್ಲೆ. ಸಂಜೆ ಕೆರೆಯ ದಂಡೆಯ ಮೇಲೆ ಮೆಲ್ಲಗೆ ಓಡುತ್ತೇನೆ. ಓಡಿದ ಮೇಲೆ ತಲೆ ನೋಯದಿದ್ದ ಮೊದಲ ದಿನ, ಹಾಲಿನ ಅಂಗಡಿಯವನಿಗೂ ಹೇಳಿಬಿಟ್ಟೆ.

ಗೋಲು ಕಾಯುವುದು ಈ ವರ್ಷ ಬೇಡ ಅಂದರು. ಮುಂದಿನ ವರ್ಷ? "ಆಗ ನೋಡೋಣ" ಅಂದರು. ಅವರು ಅದನ್ನು ಹೇಳಿದ ರೀತಿ ನನಗೆ ಅರ್ಥವಾಯಿತು. ನನ್ನ ಕೈಗಳಿಗೆ ಮಾತ್ರ ಇನ್ನೂ ಅರ್ಥವಾಗಿಲ್ಲ. ಮೊನ್ನೆ ಕಪಾಟಿನಿಂದ ಒಂದು ಡಬ್ಬಿ ಉರುಳಿತು, ನೆಲ ಮುಟ್ಟುವ ಮೊದಲೇ ಹಿಡಿದೆ. "ಭೇಷ್!" ಎಂದಳು ದೊಡ್ಡಮ್ಮ. ಡಬ್ಬಿಯನ್ನು ಎದೆಗೆ ಅವಚಿಕೊಂಡು ಅತ್ತುಬಿಟ್ಟೆ. ಗೋಲಿನ ಮುಂದಿನ ಆ ಹುಲ್ಲು ಸವೆದ ಮಣ್ಣು ಅಮ್ಮಾ, ಅದರ ವಾಸನೆ ಬೇಕು ಅನ್ನಿಸುತ್ತದೆ.

ಗುಬ್ಬಿಯ ಕಾಗದ ಬಂದಿತ್ತು. ಅವಳಿಗೆ ಡಾಕ್ಟರು ಒಪ್ಪಿದ್ದಾರಂತೆ, ಬರುವ ವಾರ ಆಡುತ್ತಾಳಂತೆ. "ನಿಮ್ಮಮ್ಮ ನನ್ನ ಗೋಲನ್ನ ಎಷ್ಟು ಚೆನ್ನಾಗಿ ಹೇಳಿದ್ರು ಅಂದ್ರೆ, ಈಗ ನಂಗೆ ನೆನಪಿರೋ ಹಾಗೇ ಅನ್ಸತ್ತೆ" ಎಂದು ಬರೆದಿದ್ದಾಳೆ. ಅದನ್ನು ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅವಳನ್ನು ನೀನು ಹೊರಗೆ ಕೂರಿಸಿದ್ದಕ್ಕೂ ಹೊಟ್ಟೆಕಿಚ್ಚಾಯಿತು. ನಿಜ ಹೇಳುತ್ತಿದ್ದೇನೆ.

ಸಿಟ್ಟು ಹೋಯಿತಾ ಎಂದು ಕೇಳಬೇಡ. ಕೆಲವು ದಿನ ಇರುತ್ತದೆ, ಕೆಲವು ದಿನ ಹುಡುಕಿದರೂ ಸಿಗುವುದಿಲ್ಲ. ನಿನ್ನ ನೆನಪು ಹಾಗಲ್ಲ, ಅದು ದಿನಾ ಇರುತ್ತದೆ. ಶಾಲೆಯಲ್ಲಿ ಯಾರದೋ ಅಮ್ಮ ಯಾರದೋ ಕಾಲರ್ ಸರಿಮಾಡುವುದನ್ನು ನೋಡಿದರೂ ಸಾಕು.

ಈ ಭಾನುವಾರ ಬಾ. ಹನ್ನೊಂದು ಗಂಟೆಯ ಬಸ್ಸಿಗೆ. ನಿಲ್ದಾಣಕ್ಕೆ ನಾನೊಬ್ಬಳೇ ನಡೆದುಕೊಂಡು ಬರುತ್ತೇನೆ, ದೊಡ್ಡಮ್ಮ ಬೇಡ ಎಂದು ಹೇಳಿದ್ದೇನೆ. ದೊಡ್ಡ ರಸ್ತೆ ದಾಟಬೇಕು, ಲಾರಿ, ಹಾರ್ನು, ಜನ. ಅಷ್ಟು ದೂರ, ಅಷ್ಟು ಗದ್ದಲಕ್ಕೆ ಇನ್ನೂ ಹೋಗಿಲ್ಲ. ನೀನು ಇಳಿಯುವ ಹೊತ್ತಿಗೆ ನಾನು ಅಲ್ಲಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿರಬಹುದು. ಎದ್ದು ಬರಲಿಲ್ಲ ಎಂದು ಗಾಬರಿಯಾಗಬೇಡ. ಓಡಿ ಬರಬೇಡ, ಏನೂ ಕೇಳಬೇಡ. ಪಕ್ಕದಲ್ಲಿ ಚೀಲ ಇಟ್ಟು ನಿನಗೆ ಜಾಗ ಹಿಡಿದಿರುತ್ತೇನೆ. ಸುಮ್ಮನೆ ಬಂದು ಕೂತುಕೋ.

ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ. ನನಗೆ ಆದಾಗ ಏಳೋಣ.

ನಿನ್ನ
ಪುಟ್ಟಿ